ಎಡೆಗೆ ಇಟ್ಟ ಹಾಡು

ರ‍್ಯಾಪ್ ಎಂದರೇನೆಂದು ನನಗೆ ತಿಳಿದದ್ದು ತೀರಾ ತಡವಾಗಿ, ಅದೂ ಅದರೊಳಗಿಂದ ನನ್ನ ಹೆಂಡತಿ ಬೈಯುವುದು ಕೇಳಿಸಿದ ಮೇಲೆ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಊಟದ ಬಿಡುವು. ಜೊತೆಯವನೊಬ್ಬ ಫೋನ್ ಹಿಡಿದು ಬಿದ್ದು ಬಿದ್ದು ನಗುತ್ತಿದ್ದ. ಇಣುಕಿದರೆ ಪಿಯುಸಿ ಓದುವ ನನ್ನ ಮಗಳು ಸಿಂಚನ, ನಮ್ಮದೇ ತಾರಸಿಯ ಮೇಲೆ ಕೈ ಬೀಸುತ್ತಾ ಹಾಡುತ್ತಿದ್ದಾಳೆ:

"ಮಾರ್ಕ್ಸು ಬಂದ್ರೆ ನನ್ ಮಗ್ಳು, ಹೋದ್ರೆ ನಿಮ್ಮಪ್ಪನ್ ಮಗ್ಳು!
ಪಕ್ಕದ್ಮನೆ ಹುಡ್ಗೀನ್ ನೋಡು ಅಂತಾಳೆ, ನೋಡಿದ್ರೆ ಅಲ್ಲೇನೇ ನೋಡ್ತಿ ಅಂತಾಳೆ!"

ನಡುನಡುವೆ ನನ್ನ ಹೆಂಡತಿ ಗೌರಿಯ ಅಸಲಿ ದನಿ: "ಎದ್ದೇಳೇ, ಬಿದ್ದಿರ್ಬೇಡ, ನಿದ್ದೆಗೊಂದು ಮಿತಿ ಬೇಡ್ವೇನೇ!" ಹೊದಿಕೆಯೊಳಗಿಂದಲೇ ಮಗಳು ಅದನ್ನು ಕದ್ದು ರೆಕಾರ್ಡ್ ಮಾಡಿಕೊಂಡಿದ್ದಳು.

ನೀವೇ ಗಮನಿಸಿ, ಆ ಬೈಗುಳದಲ್ಲಿ ಎರಡನೆಯ ಅಕ್ಷರದ ಪ್ರಾಸ ಎಷ್ಟು ಸೊಗಸಾಗಿ ಕೂತಿದೆ. ನಮ್ಮ ಹಳೆಯ ಕವಿಗಳು ಆ ಪ್ರಾಸಕ್ಕಾಗಿ ತಿಣುಕಾಡಿದ್ದುಂಟು. ಗೌರಿಗೆ ಅದು ಒಗ್ಗರಣೆ ಹಾಕುತ್ತಲೇ ಸಿದ್ಧಿಸಿತ್ತು. ಈ ಮಾತನ್ನು ಅವಳಿಗೆ ಹೇಳಹೋಗಿ ನಾನೂ ಒಂದಷ್ಟು ಪ್ರಾಸಬದ್ಧವಾಗಿ ಬೈಸಿಕೊಂಡೆ.

ಸಂಜೆಯ ಹೊತ್ತಿಗೆ ಹಾಡು ಗುಬ್ಬಿಯನ್ನೂ ಕುಣಿಗಲ್ಲನ್ನೂ ಮುಟ್ಟಿತ್ತು. ಕುಣಿಗಲ್ಲಿನ ನನ್ನ ಅಕ್ಕ ಫೋನ್ ಮಾಡಿ ಗೌರಿಯನ್ನು ಚೆನ್ನಾಗಿ ಕಿಚಾಯಿಸಿದಳು. "ಊರ್ತುಂಬಾ ನನ್ ಮಾನ ಕಳೆದ್ಬುಟ್ಯಲ್ಲೇ," ಎಂದ ಗೌರಿ ಮಗಳ ಜೊತೆ ಮಾತು ಬಿಟ್ಟಳು. ಬೈಗುಳವೂ ನಿಂತಿತು. "ಅವ್ಳನ್ನ ಊಟಕ್ ಬರಕ್ಕೇಳಿ," ಎಂಬುದನ್ನು ಮೂರು ಹೆಜ್ಜೆ ಆಚೆ ಕೂತವಳಿಗೆ ನಾನು ತಲುಪಿಸಬೇಕಾಯಿತು. ಇದೆಲ್ಲ ಹಬ್ಬದೊಳಗೆ ಸರಿಹೋಗುವ ಮುನಿಸು ಎಂದುಕೊಂಡಿದ್ದೆ.

ಮುನಿಸು ಮುರಿಯುವ ಮೊದಲೇ ಒಂದು ಬೆಳಿಗ್ಗೆ ಗೌರಿ ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಸಿಂಚನ ಹಾಡನ್ನು ಅಳಿಸಿಹಾಕಿದಳು. "ಅಮ್ಮ ನನ್ ಮೇಲೆ ಕೋಪದಲ್ಲೇ ಹೋದ್ಲು ಕಣಪ್ಪಾ," ಎಂದಳು. ಅಷ್ಟೇ, ಆಮೇಲೆ ಹಾಡಲಿಲ್ಲ, ಅಳಲಿಲ್ಲ, ನನ್ನ ಜೊತೆ ಜಗಳಕ್ಕೂ ಬರಲಿಲ್ಲ. ಏನು ಹೇಳಿದರೂ "ಸರಿ" ಎನ್ನುವಳು. ಅವಳ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಆಧಾರವಿರಲಿಲ್ಲ. ಹೆಂಡತಿ ಹೋದ ದುಃಖವನ್ನು ಹೇಗೋ ಹೊರಬಹುದಿತ್ತು, ಮಗಳೂ ಹೀಗೆ ಕಣ್ಣೆದುರೇ ಕೈತಪ್ಪುತ್ತಿರುವುದನ್ನು ಕಂಡು ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಹಿರಿಯರ ಹಬ್ಬ ಬಂತು. ನಮ್ಮ ಕಡೆ ಆ ದಿನ ಸತ್ತವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ಕಾಯುತ್ತೇವೆ. ಅವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ನಮ್ಮಪ್ಪನಿಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಡುವುದುಂಟು. ಗೌರಿಗೆ ಕಜ್ಜಾಯ, ಮಲ್ಲಿಗೆ, ಹಸಿರು ಸೀರೆ ಇಟ್ಟೆವು. ಬಾಗಿಲು ಹಾಕುವಾಗ ಹಾಗಲವಾಡಿಯಿಂದ ಬಂದಿದ್ದ ಅವಳ ತಂಗಿ ಲತಾ, "ಒಂದ್ ಉಳೀತು ಭಾವ, ತಡೀರಿ," ಎಂದು ತನ್ನ ಫೋನಿನಲ್ಲಿ ಏನನ್ನೋ ಒತ್ತಿ, ಅದನ್ನೇ ಎಲೆಯ ಪಕ್ಕ ಇಟ್ಟು ಬಂದಳು.

ಮುಚ್ಚಿದ ಬಾಗಿಲ ಹಿಂದಿನಿಂದ ಗೌರಿ ಗದರಿದಳು: "ಎದ್ದೇಳೇ, ಬಿದ್ದಿರ್ಬೇಡ!" ಹಬ್ಬಕ್ಕೆ ಬಂದಿದ್ದ ನನ್ನ ಅಕ್ಕ "ಶಿವಶಿವಾ!" ಎಂದು ಗೋಡೆಗೆ ಒರಗಿದಳು. ಸಿಂಚನ ಲತಾಳ ಕಡೆ ತಿರುಗಿದಳು. "ಚಿಕ್ಕಮ್ಮ, ಅದ್ಯಾಕ್ ಇಟ್ಟೆ? ಅಮ್ಮಂಗೆ ಅದು ಆಗ್ತಿರ್ಲಿಲ್ಲ!"

"ಯಾರೇ ಅಂದಿದ್ದು? ನನ್ ಫೋನಲ್ಲಿ ಇಳಿಸ್ಕೊಂಡಿದ್ದೆ, ದಿನಾ ಮಧ್ಯಾಹ್ನ ನಂಗ್ ಫೋನ್ ಮಾಡಿ ಇದ್ನ ಹಾಕಿಸ್ಕೊಂಡ್ ಕೇಳೋಳು. ನನ್ ಮಗ್ಳು ಎಂಗ್ ಹಾಡವ್ಳೆ ನೋಡು ಅಂತ ನಗೋಳು. ಅವ್ಳಿಗ್ ಮಾತ್ರ ಹೇಳ್ಬೇಡ, ತಲೆ ಮೇಲ್ ಕೂತ್ಕೋತಾಳೆ ಅಂತ ಆಣೆ ಹಾಕ್ಸಿದ್ಲು. ನೀನಿದ್ನ ಮನ್ಸಲ್ಲಿಟ್ಕೊಂಡು ಕೊರಗ್ತಿದೀಯ ಅಂತ ನಂಗೇನ್ ಗೊತ್ತು? ಎಡೇಲಿ ಇಷ್ಟ ಆಗಿದ್ದನ್ನೇ ತಾನೆ ಇಡೋದು!"

ಬಾಗಿಲು ತೆಗೆಯುವ ಹೊತ್ತು ಇನ್ನೂ ಆಗಿರಲಿಲ್ಲ. ಸಿಂಚನ ಅದನ್ನು ತಳ್ಳಿಕೊಂಡೇ ಒಳನುಗ್ಗಿದಳು. ಎಲೆಯ ಮುಂದೆ ದೊಪ್ಪನೆ ಕೂತು ಫೋಟೋಗೆ ಬೆರಳು ತೋರಿಸಿ ಕಿರುಚಿದಳು: "ಇಷ್ಟ ಆಗಿದ್ರೆ ನಂಗ್ಯಾಕ್ ಹೇಳ್ಲಿಲ್ಲ? ಹೇಳು! ನಂಗ್ಯಾಕ್ ಹೇಳ್ಲಿಲ್ಲ ನೀನು?" ಕೂಗುತ್ತಲೇ ಅಳತೊಡಗಿದಳು. ಅಕ್ಕ ಗಾಬರಿಯಾಗಿ ಒಳಗೆ ಹೊರಟಳು. ನಾನು ಅವಳ ಕೈ ಹಿಡಿದುಕೊಂಡೆ. ತಾಯಿ ಮಗಳ ಜಗಳ, ನಡುವೆ ಹೋಗಬಾರದು.