ಹಾಡು ಇನ್ನೂ ಶುರುವಾಗಿಲ್ಲ

ಗೆಳೆಯರೇ, ನಿನ್ನೆ ಕ್ಯಾಂಪ್ ಪೇಟೆಯ ಅಂಗಡಿಯಿಂದ ತಂದ ಹೊಸ ಜಾಜ್ ಸಿಡಿಯನ್ನು ಇವತ್ತು ಬೆಳಿಗ್ಗೆ ಅಪ್ಪನಿಗೆ ಕೇಳಿಸಿದೆ. ಅವರಿಗೂ ಇಷ್ಟವಾಗಲಿ ಎಂದು ನನಗೆ ಆಸೆ. ಅಡುಗೆಮನೆಯಿಂದ ಅವ್ವ ಉಪ್ಪಿಟ್ಟಿಗೆ ಕರೆದರೆ, "ಥಾಂಬ, ತಡಿ, ಇನ್ನೂ ಹಾಡು ಸುರು ಆಗಿಲ್ಲ" ಎಂದು ಅಪ್ಪ ಗದರಿದರು. ಮುಕ್ಕಾಲು ಗಂಟೆ ಬರೀ ಸ್ಯಾಕ್ಸೊಫೋನ್.

ಸಿಡಿ ಮುಗಿಯಿತು. "ಹಾಡೂವಾಂವ ಬರಲೇ ಇಲ್ಲಲ್ಲ, ಮಗಳ?"

"ಇದರಾಗ ಹಾಡೂವರು ಇರೂದಿಲ್ಲಪ್ಪಾ."

"ಪಾಪ, ಅಷ್ಟೊತ್ತು ಒಬ್ಬನ ಊದಿದ."

ನಾನು ಪೆಚ್ಚಾದೆ. ಅಪ್ಪ ತಮ್ಮ ಹಳೆಯ ಸಿನಿಮಾ ಹಾಡುಗಳ ಕ್ಯಾಸೆಟ್ ಹಾಕಿದರು. ಪಲ್ಲವಿ ಮುಗಿದು ವಾದ್ಯಗಳು ಬಂದಾಗ ನೀರು ಕುಡಿಯಲು ಏಳುವುದು ಅವರ ಅಭ್ಯಾಸ. ಇವತ್ತು ಅರ್ಧ ಎದ್ದವರು ಅಲ್ಲೇ ನಿಂತರು.

"ಇಲ್ಲೀನೂ ಅದಾನಲ್ಲ ಈ ಊದಾಂವ!"

ಗಾಯಕ ಚರಣಕ್ಕೆ ಬಾಯಿ ತೆರೆಯುವ ಮೊದಲೇ ರಿವೈಂಡ್ ಒತ್ತಿದರು. ಮತ್ತೆ ಒತ್ತಿದರು. ಐದನೆಯ ಸಲಕ್ಕೆ ಅವ್ವ ಬಾಗಿಲಿಗೆ ಬಂದಳು. "ಇದಾದ್ರೂ ಸುರು ಆಗ್ತದೋ ಇಲ್ಲೋ?"

ಆಗಲಿಲ್ಲ. ಅವ್ವನ ಉಪ್ಪಿಟ್ಟು ಆರಿತು.