ಜಾಗ ನೋಡಲು ಬಂದವರು

ಮಿನೆಗಿಶಿ ಚಿಹಾರು ಜಪಾನಿನ ನಗೋಯಾದ ಏಜೆನ್ಸಿಯೊಂದಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಬೇರೆ ಕಂಪನಿಗಳಿಗೆ ತಾತ್ಕಾಲಿಕ ಕೆಲಸಗಾರರನ್ನು ಕಳಿಸುವುದು ಅವಳ ಕೆಲಸ. ಅದಕ್ಕೂ ಮೊದಲು ಅವಳೇ ಮೂರು ವರ್ಷ ಹಾಗೆ ಆಫೀಸಿನಿಂದ ಆಫೀಸಿಗೆ ಹೋಗಿ ದುಡಿದವಳು. ಅಲ್ಲಿ ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ. 'ಏಜೆನ್ಸಿಯವರೇ' ಎಂದು ಕೂಗುತ್ತಿದ್ದರು. ಆ ಉರಿಗೇ ಅವಳು ತಾನು ಕಳಿಸಿದ ಒಬ್ಬೊಬ್ಬರ ಹೆಸರನ್ನೂ ನೆನಪಿಟ್ಟುಕೊಂಡಿದ್ದಳು. ಆದರೆ ಅವರಿಗೆ ಸುಳ್ಳು ಹೇಳುವುದೂ ಅಷ್ಟೇ ಚೆನ್ನಾಗಿ ರೂಢಿಯಾಗಿತ್ತು.

ಜನರನ್ನು ಪಡೆಯುವ ಕಂಪನಿ ಮೊದಲೇ ಸಂದರ್ಶನ ಮಾಡಿ ತನಗೆ ಬೇಕಾದವರನ್ನು ಆರಿಸುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಆದ್ದರಿಂದ ಯಾರೂ ಅದನ್ನು ಸಂದರ್ಶನ ಎನ್ನುತ್ತಿರಲಿಲ್ಲ. ಕೆಲಸಗಾರರೇ ಕೆಲಸದ ಜಾಗ ನೋಡಿಕೊಂಡು ಹೋಗಲು ಬಂದಿದ್ದಾರೆ ಎನ್ನುತ್ತಿದ್ದರು. ಕಂಪನಿಯವರ ಎದುರಿಗೆ ಇಡುವ ಕಾಗದದಲ್ಲಿ ಹೆಸರಿಲ್ಲ, ವಯಸ್ಸಿಲ್ಲ, ಗೊತ್ತಿರುವ ಕೆಲಸಗಳ ಪಟ್ಟಿ ಮಾತ್ರ. ಕಾಗದ ಶುದ್ಧವಾಗಿರುತ್ತಿತ್ತು.

ಆ ಮಂಗಳವಾರ ಮಧ್ಯಾಹ್ನ ಅವಳು ಉಕಾಯ್ ಫುಸಾಯೆ ಎಂಬಾಕೆಯನ್ನು ಕಾರಿನ ಬಿಡಿಭಾಗಗಳ ಕಂಪನಿಯೊಂದಕ್ಕೆ ಕರೆದುಕೊಂಡು ಹೋದಳು. ಫುಸಾಯೆಗೆ ಐವತ್ತೊಂದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದಿದ್ದಳು, ಅದು ಮುಚ್ಚಿತು. ಊಟದ ಡಬ್ಬಿ ತುಂಬುವ ಫ್ಯಾಕ್ಟರಿಯೊಂದು ಈಗ ಅವಳನ್ನು ಕರೆದಿತ್ತು. ಅವತ್ತೇ ಸಂಜೆ ಐದರೊಳಗೆ ಬರುತ್ತೇನೆ ಎನ್ನಬೇಕು, ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ.

"ಫ್ಯಾಕ್ಟರಿಯವ್ರಿಗೆ ಏನ್ ಹೇಳ್ಲಿ ಮಿನೆಗಿಶಿ ಸಾನ್?" ಎಂದು ಫುಸಾಯೆ ಲಿಫ್ಟಿನಲ್ಲಿ ಕೇಳಿದಳು.

"ಇದು ಮುಗೀಲಿ, ನಾಲ್ಕೂವರೆಗೆ ಫೋನ್ ಮಾಡ್ತೀನಿ."

ಒಳಗೆ ವಿಭಾಗದ ಮುಖ್ಯಸ್ಥ ಸೆಗಾವಾ ಕಾಗದವನ್ನು ನೋಡಲೇ ಇಲ್ಲ. ಫುಸಾಯೆಯ ಮುಖ, ಕತ್ತು, ಕೈಬೆರಳು ನೋಡಿದ.

"ಮಕ್ಕಳು ಎಷ್ಟು ದೊಡ್ಡವ್ರು?"

"ಮಗಳು ಕೆಲಸಕ್ಕೆ ಹೋಗ್ತಾಳೆ."

"ಓ, ಹಾಗಾದ್ರೆ ನೀವು ಆರಾಮಾಗಿ ಮನೇಲಿರ್ಬೋದಲ್ಲ?" ಎಂದು ನಕ್ಕ.

ಆ ಪ್ರಶ್ನೆಯನ್ನು ಅಲ್ಲಿಯೇ ತಡೆಯಬೇಕಾದದ್ದು ಚಿಹಾರುವಿನ ಕರ್ತವ್ಯ. ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುವಂತೆ ತಲೆ ತಗ್ಗಿಸಿದಳು. ಬರೆಯಲು ಏನೂ ಇರಲಿಲ್ಲ.

ಫುಸಾಯೆಯನ್ನು ಲಿಫ್ಟಿನವರೆಗೆ ಬಿಟ್ಟು ಬಂದಾಗ ಸೆಗಾವಾ ಹೇಳಿದ: "ಅವ್ರಿಗೆ ಕೆಲಸ ಬರುತ್ತೆ, ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ನಮ್ಮ ಹುಡುಗ್ರು ಅವರವರ ಅಮ್ಮಂಗೆ ಕೆಲಸ ಹೇಳ್ದಂಗಾಗುತ್ತೆ. ಮೂವತ್ತರೊಳಗಿನವ್ರನ್ನ ಕಳ್ಸಿ. ಸ್ವಲ್ಪ ನಗ್ತಾ ಇರೋರು."

"ಆಗ್ಲಿ ಸಾರ್," ಎಂದು ಚಿಹಾರು ಬಗ್ಗಿ ವಂದಿಸಿದಳು. ಬಗ್ಗಿದಾಗ ಅವನ ಸಾಕ್ಸಿನ ಮೇಲಿನ ಗಾಲ್ಫ್ ಚಿತ್ರ ಕಂಡಿತು. ಅವನ ಮೇಲೆ ಎಷ್ಟು ಹೇಸಿಗೆಯಾಯಿತೋ, ಇಷ್ಟು ಸಲೀಸಾಗಿ ಬಗ್ಗಿದ ತನ್ನ ಬೆನ್ನಿನ ಮೇಲೂ ಅಷ್ಟೇ ಆಯಿತು.

ಆಫೀಸಿನಲ್ಲಿ ಅವಳ ಮೇಲಧಿಕಾರಿ ಕುರಿಬಯಾಶಿ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಕಂಪನಿಯವ್ರು ಆ ಕೆಲಸಾನೇ ಕೈಬಿಟ್ರು ಅಂತ ಹೇಳು. ಮುಂದಿನ ವಾರ ಇನ್ನೊಂದು ಬರುತ್ತೆ, ಕಾಯಿರಿ ಅನ್ನು."

"ಬರುತ್ತಾ?"

"ಯಾರಿಗ್ ಗೊತ್ತಮ್ಮ. ಕಳ್ಸೋಕೆ ಕೈಯಲ್ಲಿ ನಾಲ್ಕು ಜನ ಇರ್ಬೇಕಲ್ಲ."

"ಅವ್ರಿಗೆ ಬೇರೆ ಕಡೆಯಿಂದ ಕರೆ ಬಂದಿದೆ ಸಾರ್. ಐದು ಗಂಟೆ ಒಳಗೆ ಹೇಳ್ಬೇಕು."

"ಅದಕ್ಕೇ ಈಗ್ಲೇ ಫೋನ್ ಮಾಡು." ಅವನ ತುಟಿಯ ಮೂಲೆಯಲ್ಲಿ ಮೊಟ್ಟೆ ಅಂಟಿಕೊಂಡಿತ್ತು.

ಆ ಮಾತನ್ನು ಅವಳು ಎಷ್ಟು ಜನರಿಗೆ ಹೇಳಿದ್ದಳೋ. 'ಕೆಲಸಾನೇ ಹೋಯ್ತಂತೆ' ಎಂದರೆ ಯಾರಿಗೂ ನೋವಾಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹಾಗೆ ಕಾದವರು ಎಷ್ಟು ವಾರ ಕಾದರೋ ಅವಳು ವಿಚಾರಿಸಿರಲಿಲ್ಲ. ನಾಲ್ಕು ಇಪ್ಪತ್ತಕ್ಕೆ ಮೆಟ್ಟಿಲ ಹತ್ತಿರ ನಿಂತು ಫೋನ್ ಮಾಡಿದಳು.

"ಉಕಾಯ್ ಸಾನ್, ಕೆಲಸ ಇದೆ. ನಿಮ್ಗೆ ಕೊಡ್ಲಿಲ್ಲ. ವಯಸ್ಸಿನ ಕಾರಣಕ್ಕೆ. ಅವ್ರು ಹಾಗೆ ಆರಿಸೋ ಹಾಗಿಲ್ಲ, ನಾನು ಅಲ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ನಮ್ಮನ್ನ ಕಾಯ್ಬೇಡಿ. ಫ್ಯಾಕ್ಟರಿಗೆ ಈಗ್ಲೇ ಹೇಳ್ಬಿಡಿ."



"ಮಕ್ಕಳ ವಿಷಯ ಎತ್ತಿದಾಗ್ಲೇ ಗೊತ್ತಾಯ್ತು," ಎಂದಳು ಫುಸಾಯೆ. "ನೀವು ಅಷ್ಟು ಆಸ್ಥೆಯಿಂದ ಏನು ಬರ್ಕೊಳ್ತಿದ್ರಿ ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಏನೂ ಬರೀತಿರ್ಲಿಲ್ಲ," ಎಂದಳು ಚಿಹಾರು.

"ಇಡ್ತೀನಿ. ಫ್ಯಾಕ್ಟರಿಗೆ ಫೋನ್ ಮಾಡ್ಬೇಕು."

ಧನ್ಯವಾದ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಐದಕ್ಕೆ ಐದು ನಿಮಿಷ ಇದ್ದಾಗ ಸಂದೇಶ ಬಂತು: 'ಸೋಮವಾರದಿಂದ ಬರಲು ಹೇಳಿದ್ದಾರೆ. ನಿಮ್ಮ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ.' ಅವಳು ತೆಗೆದಳು.

ಮರುದಿನ ಬೆಳಿಗ್ಗೆ ಕುರಿಬಯಾಶಿ ಇಪ್ಪತ್ತೇಳು ವರ್ಷದವಳೊಬ್ಬಳ ಕಾಗದ ಹಿಡಿದು ನಿಂತಿದ್ದ. "ಸೆಗಾವಾ ಅವ್ರಿಗೆ ಖಂಡಿತ ಹಿಡಿಸ್ತಾಳೆ. ಹೊರಡು."

"ನಾನು ಹೋಗಲ್ಲ."

"ಯಾಕೆ, ಮೈಗೆ ಹುಷಾರಿಲ್ವಾ?"

"ಹೇಸಿಗೆ ಆಗುತ್ತೆ ಸಾರ್."

ಅವನು ಅವಳನ್ನೊಮ್ಮೆ, ಕಿವಿಗೊಟ್ಟಿದ್ದ ಸಹೋದ್ಯೋಗಿಗಳನ್ನೊಮ್ಮೆ ನೋಡಿದ. ಯಾರು ಯಾರು ಎಲ್ಲಿಗೆ ಹೋಗಿದ್ದಾರೆಂದು ಬರೆಯುವ ಬಿಳಿ ಹಲಗೆಯಲ್ಲಿ ಅವಳ ಹೆಸರಿನ ಮುಂದೆ 'ಹೊಟ್ಟೆನೋವು' ಎಂದು ಬರೆದು, ಆ ಕಾಗದ ಹಿಡಿದು ತಾನೇ ಸೆಗಾವಾ ಬಳಿಗೆ ಹೊರಟುಹೋದ.

ಚಿಹಾರು ಎದ್ದು ಹೋಗಿ ಆ ಪದವನ್ನು ಅಂಗೈಯಿಂದಲೇ ಒರೆಸಿದಳು.