ಮುಳಗುಂದ ಸಾಹೇಬರ ದನಿ

ಪುಣೆಯ ಗಣಿ ಕಚೇರಿಯ ಮುಳಗುಂದ ಸಾಹೇಬರಿಗೆ ಸರಕಾರ ಫೋನು ಕೊಟ್ಟದ್ದೇ ದಂಡ. ಕಿಟಕಿ ತೆರೆದು ಮಾತಾಡಿದರೆ ಸಾಕು, ಊರಿನ ಆಚೆ ತುದಿಯ ಹಡಪಸರದವರು ಅಲ್ಲಿಂದಲೇ ಉತ್ತರ ಕೊಟ್ಟಾರು. ಅವರು ಚಹಾ ಎಂದು ಕೂಗಿದರೆ ಬೀದಿಯ ಅಂಗಡಿಗಳವರೆಲ್ಲ ಒಲೆ ಹಚ್ಚುತ್ತಾರೆ. ಕಿವಿಯಲ್ಲಿ ಗುಟ್ಟು ಹೇಳಿದರೂ ಇಡೀ ಹೌಸಿಂಗ್ ಸೊಸೈಟಿಗೆ ಕೇಳಿಸುತ್ತದೆಂದು ಹೆಂಡತಿ ಇಂದೂಬಾಯಿಯ ಅಳಲು. ಕಾತ್ರಜದಾಚೆಯ ಸರಕಾರಿ ಗುಡ್ಡದಲ್ಲಿ ಕಲ್ಲುಗಣಿ ಮಾಡಲು ಅನುಮತಿ ಕೇಳಿ ಬಂದವರಿಗೆಲ್ಲ ಅವರದು ಒಂದೇ ಗರ್ಜನೆ: “ಗವಿ ಇದ್ದಲ್ಲಿ ಮದ್ದು ಇಡಂಗಿಲ್ಲ ಅಂದ್ರ ಇಡಂಗಿಲ್ರೀ!” ಬೇರೆ ಮದ್ದೇಕೆ, ಸಾಹೇಬರನ್ನೇ ಗುಡ್ಡದ ಮೇಲೆ ನಿಲ್ಲಿಸಿದರೆ ಕಲ್ಲು ತಾನೇ ಒಡೆಯುತ್ತದೆ ಎಂದು ಗುತ್ತಿಗೆದಾರ ಮಾಂತು ಹೊರಗೆ ಬಂದು ನಗುತ್ತಾನೆ. ಮೊನ್ನೆ ಅದೇ ಮಾಂತು, ಗವಿಯಲ್ಲಿ ಉಳಿಸುವಂಥದ್ದೇನೂ ಇಲ್ಲವೆಂದು ತೋರಿಸಲು, ಹಟ ಹಿಡಿದು ಅವರನ್ನು ಕರೆದೊಯ್ದ. ಗವಿಯ ಬಾಯಿಗೆ ಬರುತ್ತಲೇ ಸಾಹೇಬರು ಬೂಟು ಕಳಚಿ ಕೈಯಲ್ಲಿ ಹಿಡಿದರು. “ಏನದರೀ ಇಲ್ಲೆ? ಬರೇ ಕತ್ತಲಿ!” ಎಂದು ಮಾಂತು ಕೂಗಿದ. ಸಾಹೇಬರು ತುಟಿಯ ಮೇಲೆ ಬೆರಳಿಟ್ಟು, ಮರಿಗಳನ್ನು ಎದೆಗವಚಿಕೊಂಡು ಮೇಲೆ ತೂಗುತ್ತಿದ್ದ ಬಾವಲಿಗಳನ್ನು ತೋರಿಸಿದರು. ಇಂದೂಬಾಯಿಯೂ ಎಂದೂ ಕೇಳಿರದ ದನಿಯಲ್ಲಿ, “ಮೆಲ್ಲಕ ಮಾತಾಡೋ ಮಾಂತು,” ಎಂದರು, “ಕೂಸುಗೋಳು ಮಲಗ್ಯಾವ.”